ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುವ ಸ್ಟೀರಿಂಗ್ ಮಾರಿದ ಮಹನೀಯರಿಗೆ

ಟ್ರೂಬೆಂಡ್ ಸ್ಟೀರಿಂಗ್ ಕಂಪನಿಯ ವ್ಯವಸ್ಥಾಪಕರಿಗೆ, ಬೇಕರ್ಸ್‌ಫೀಲ್ಡಿನ ನಿವೃತ್ತ ಶಾಲಾ ಗುಮಾಸ್ತೆ ಆರ್ಡಿತ್ ಪೆಂಡರ್ ಮಾಡಿಕೊಳ್ಳುವ ಅರಿಕೆ.

ಮಾನ್ಯರೇ,

ತಾವೂ ತಮ್ಮ ಸಿಬ್ಬಂದಿಯೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಹಿಂದೆ ಬರೆದ ಮೂರು ದೂರುಪತ್ರಗಳಿಗೂ ‘ತಮ್ಮ ಮೆಚ್ಚುಗೆಗೆ ಧನ್ಯವಾದ’ ಎಂಬ ಒಂದೇ ಉತ್ತರವನ್ನು ತಾವು ತಪ್ಪದೆ ಕಳುಹಿಸಿದಿರಿ. ಇಂಥ ಸೌಜನ್ಯ ನಾಲ್ಕು ಜನರ ಕಣ್ಣಿಗೆ ಬೀಳದೆ ಹೋಗಬಾರದೆಂದು ಈ ನಾಲ್ಕನೆಯ ಪತ್ರವನ್ನು ನಮ್ಮೂರ ಕಾರು ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ.

ನನ್ನ ಗಂಡ ವರ್ಜಿಲ್ ಎಣ್ಣೆಬಾವಿಗಳ ಲಾರಿ ರಿಪೇರಿ ಮಾಡಿಕೊಂಡಿದ್ದವನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹತ್ತಿ ಹೊಲದ ಅಂಚಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ 1932ರ ಫೋರ್ಡ್ ಕಾರನ್ನು ಎಳೆದು ತಂದು, ಸೂರು ಕಿತ್ತು, ಮಡ್‌ಗಾರ್ಡ್ ಕಿತ್ತು, ಅದರ ಹೊಟ್ಟೆಗೆ ಹಿಡಿಸದಷ್ಟು ದೊಡ್ಡ ಎಂಜಿನ್ ತುರುಕಿ, ಬಿರುಗಾಳಿಯಂತೆ ಓಡುವ ಹಾಟ್‌ರಾಡ್ ಮಾಡಿಕೊಂಡ. ಐವತ್ತೆರಡು ವರ್ಷ ಓಡಿಸಿದ. ಕಳೆದ ಜನವರಿಯಲ್ಲಿ ಲಕ್ವ ಹೊಡೆದು ಅವನ ಎಡಗೈ ಸೋತಿತು. ಆ ಕಾರಿನ ಹಳೆಯ ಸ್ಟೀರಿಂಗ್ ಎರಡು ಕೈಗೇ ಜಗ್ಗದಂಥದ್ದು, ಒಂದು ಕೈಯ ಮಾತು ಕೇಳುತ್ತದೆಯೇ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನೂ ಬಿಟ್ಟು ಟಿವಿ ಮುಂದೆ ಕುಳಿತವನು, ಏಪ್ರಿಲಿನಲ್ಲಿ ಒಂದು ದಿನ ನನ್ನ ಕಡೆ ನೋಡದೆಯೇ, “ಫ್ರೆಸ್ನೋದಿಂದ ಒಬ್ಬ ಕೇಳ್ತಾ ಇದ್ನಲ್ಲ, ಅವನಿಗೆ ಫೋನ್ ಮಾಡು ಆರ್ಡಿತ್. ಕಾರು ಕೊಟ್ಬಿಡೋಣ. ಕೈಲಾಗದವನ ಮನೇಲಿ ಅದು ಯಾಕೆ ಧೂಳು ತಿನ್ಬೇಕು,” ಎಂದ.

ಫೋನ್ ಮಾಡಿದೆ. ಜುಲೈವರೆಗೆ ಬರಬೇಡಿ ಎಂದೆ. ಏಕೆಂದರೆ ಅದೇ ವಾರ ತಮ್ಮ ಜಾಹೀರಾತು ಕಣ್ಣಿಗೆ ಬಿದ್ದಿತ್ತು: ನಿಮ್ಮ ಕಾರಿನ ಅಳತೆಗೇ ಮಾಡಿದ ಸ್ಟೀರಿಂಗ್, ಒಂದೇ ಬೆರಳಿಗೆ ತಿರುಗುತ್ತದೆ, ಒಂದೇ ಮಧ್ಯಾಹ್ನದಲ್ಲಿ ಕೂರಿಸಬಹುದು.

ತಾವು ಹೇಳಿದ ಆ ಮಧ್ಯಾಹ್ನ ಮೇ ಮೂರರಂದು ಶುರುವಾಗಿ ಜೂನ್ ಇಪ್ಪತ್ತೆಂಟಕ್ಕೆ ಮುಗಿಯಿತು. ಕೆಲಸ ಮಾಡಿದವರು ನಾನು ಮತ್ತು ಪಕ್ಕದ ಮನೆಯ ವೆಲ್ಡರ್ ಚೂಯಿ ಮಾಲ್ಡೊನಾಡೊ. ತಮ್ಮ ಸ್ಟೀರಿಂಗ್ ದಂಡ ನೇರವಾಗಿ ಹೊಗೆ ಕೊಳವೆಗೆ ಹೋಗಿ ಗುದ್ದಿದಾಗ ತಮ್ಮ ಕೈಪಿಡಿ ತೆರೆದೆವು. ‘ಅಡಚಣೆಯಾದರೆ ಎಂಜಿನನ್ನು ಕೊಂಚ ಸರಿಸಿ’ ಎಂದಿತ್ತು. ಚೂಯಿ ಅದನ್ನು ಎರಡು ಸಲ ಓದಿ, “ಇದನ್ನ ಬರೆದೋನು ಎಂಜಿನ್ ಅಂದ್ರೆ ಸೋಫಾ ಅಂದ್ಕೊಂಡಿದಾನೆ,” ಎಂದ. ನಾವು ಎಂಜಿನ್ ಸರಿಸದೆ ಕೊಳವೆಯನ್ನೇ ಕತ್ತರಿಸಿ ಬಗ್ಗಿಸಿದೆವು. ಅಷ್ಟು ದಿನವೂ ವರ್ಜಿಲ್ ಗ್ಯಾರೇಜಿಗೆ ಕಾಲಿಡಲಿಲ್ಲ. ನಮ್ಮ ಸುತ್ತಿಗೆಯ ಸದ್ದು ಕೇಳಿದಾಗಲೆಲ್ಲ ಟಿವಿಯ ಸದ್ದು ಏರಿಸುತ್ತಿದ್ದ.

ಕೆಲಸ ಮುಗಿದ ಮರುದಿನ ಭಾನುವಾರ. ಗಂಡನನ್ನು ಬಲವಂತದಿಂದ ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕಾರನ್ನು ಚರ್ಚಿಗೆ ತೆಗೆದುಕೊಂಡು ಹೊರಟೆ. ನಮ್ಮ ಮನೆಯಿಂದ ಚರ್ಚಿನ ಅಂಗಳಕ್ಕೆ ಒಂದೇ ನೇರ ದಾರಿಯಾದ್ದರಿಂದ ಅಲ್ಲಿಯವರೆಗೆ ತಮ್ಮ ಗೌರವಕ್ಕೆ ಚ್ಯುತಿ ಬರಲಿಲ್ಲ. ಅಂಗಳದ ಬಲಗಡೆ ಊಟದ ಮೇಜು ಹಾಸಿದ್ದರು.

“ಎಡಕ್ಕೆ ತಗೋ, ಆರ್ಡಿತ್.”

“ಎಡಕ್ಕೇ ತಗೋತಿದೀನಿ.”

“ನಾನು ಎಡಕ್ಕೆ ಅಂದಿದ್ದು.”

“ನನಗೆ ಎಡ ಯಾವುದು ಗೊತ್ತು, ವರ್ಜಿಲ್.”

ನಾನು ಎಡಕ್ಕೆ ತಿರುಗಿಸಿದಷ್ಟೂ ಕಾರು ಬಲಕ್ಕೆ ಹೋಯಿತು. ಅದೂ, ತಾವು ಮಾತು ಕೊಟ್ಟಂತೆಯೇ, ಒಂದೇ ಬೆರಳಿಗೆ. ಪಾದ್ರಿಯವರ ಹೆಂಡತಿಯ ನಿಂಬೆ ಕಡುಬು, ಎರಡು ತಪ್ಪಲೆ ಹುರುಳಿಕಾಯಿ, ಆಲೂ ಸಲಾಡು, ಎಲ್ಲವೂ ರೇಡಿಯೇಟರಿಗೆ ನೈವೇದ್ಯವಾದವು. ಜನ ಹಾರಿ ದೂರ ಸರಿದರು, ಯಾರಿಗೂ ಪೆಟ್ಟಾಗಲಿಲ್ಲ.

ಮರುದಿನ ತಮ್ಮ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದ ತಂತ್ರಜ್ಞರ ತಾಳ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. “ಮೇಡಂ, ನಮ್ಮ ಸ್ಟೀರಿಂಗಲ್ಲಿ ಏನೂ ದೋಷ ಇಲ್ಲ. ಯಾವ ಕಡೆ ತಿರುಗ್ಬೇಕು ಅಂತ ನೀವು ಆರ್ಡರ್ ಕೊಡುವಾಗ ಬರೆದಿಲ್ಲ,” ಎಂದರು. “ಒಂದೆರಡು ವಾರ ಓಡ್ಸಿ, ಅಭ್ಯಾಸ ಆಗುತ್ತೆ,” ಎಂದೂ ಸೇರಿಸಿದರು.

ಈ ಮಾತು ಸ್ಪೀಕರಿನಲ್ಲಿ ವರ್ಜಿಲನ ಕಿವಿಗೂ ಬಿತ್ತು. ಅವನು ಟಿವಿ ಆರಿಸಿದ. ಕುರ್ಚಿಯ ತೋಳು ಹಿಡಿದು ಎದ್ದು, “ಎಲ್ಲಿ ಆ ಪುಸ್ತಕ? ಅಭ್ಯಾಸ ಆಗುತ್ತಂತೆ, ಅಭ್ಯಾಸ,” ಎನ್ನುತ್ತ, ಆರು ತಿಂಗಳ ಮೇಲೆ ಮೊದಲ ಸಲ ಗ್ಯಾರೇಜಿಗೆ ನಡೆದ. ಹತ್ತು ನಿಮಿಷದಲ್ಲಿ ಕಾರಣ ಸಿಕ್ಕಿತು: ತಾವು ಕೈಪಿಡಿಯಲ್ಲಿ ಚಿತ್ರವನ್ನು ತಲೆಕೆಳಗಾಗಿ ಅಚ್ಚು ಹಾಕಿದ್ದಿರಿ, ನಾವು ವಿಧೇಯರಾಗಿ ಹಲ್ಲುಚಕ್ರದ ಪೆಟ್ಟಿಗೆಯನ್ನು ಬೋರಲು ಕೂರಿಸಿದ್ದೆವು. ಅದನ್ನು ಸರಿಯಾಗಿ ಮಲಗಿಸಿದರೆ ತಮ್ಮ ತೂತುಗಳು ಯಾವುದಕ್ಕೂ ಹೊಂದಲಿಲ್ಲ. ಹಾಗಾಗಿ ಪೆಟ್ಟಿಗೆಯನ್ನು ಹಿಡಿದಿಡಲು ಹೊಸ ಕಬ್ಬಿಣದ ಪಟ್ಟಿ ಮಾಡಬೇಕಾಯಿತು. ವರ್ಜಿಲ್ ಬಲಗೈಯಲ್ಲಿ ಗುರುತು ಹಾಕಿದ, ಸೋತ ಎಡಗೈಯನ್ನು ಕಬ್ಬಿಣದ ಹಲಗೆಯ ಮೇಲೆ ಭಾರವಾಗಿ ಇಟ್ಟುಕೊಂಡ, ಚೂಯಿ ಕತ್ತರಿಸಿದ. ಹಲಗೆ ಜಾರಿದಾಗಲೆಲ್ಲ ವರ್ಜಿಲ್ ತಮ್ಮ ಕಂಪನಿಯ ಹೆಸರು ಹೇಳಿ ಬೈದು, ಇನ್ನಷ್ಟು ಬಿಗಿಯಾಗಿ ಒತ್ತುತ್ತಿದ್ದ.

ಫ್ರೆಸ್ನೋದ ಗಿರಾಕಿ ಬಂದ ದಿನ ಕಾರಿನ ಕೆಳಗಿನಿಂದ ವರ್ಜಿಲನ ಬೂಟುಗಳಷ್ಟೇ ಕಾಣುತ್ತಿದ್ದವು. “ಇದರ ಸ್ಟೀರಿಂಗ್ ಇನ್ನೂ ಮಾತು ಕೇಳ್ತಿಲ್ಲ. ಇಂಥದನ್ನ ನಿಮಗೆ ಮಾರಿದ್ರೆ ಪಾಪ ಸುತ್ಕೊಳ್ಳುತ್ತೆ,” ಎಂದಿತು ಕೆಳಗಿನ ದನಿ. ಗಿರಾಕಿ ಒಂದು ಲೋಟ ತಣ್ಣನೆಯ ಚಹಾ ಕುಡಿದು ಹಿಂದಿರುಗಿದ.

ಸೆಪ್ಟೆಂಬರಿನಲ್ಲಿ ಡಾಕ್ಟರು ಪರೀಕ್ಷಿಸಿ, ಓಡಿಸಬಹುದೆಂದು ಸಹಿ ಹಾಕಿಕೊಟ್ಟರು. ಬಾದಾಮಿ ತೋಟಗಳ ನಡುವಿನ ರಸ್ತೆಯಲ್ಲಿ ವರ್ಜಿಲ್ ಒಂದೇ ಕೈಯಲ್ಲಿ ಓಡಿಸಿದ. ಕಾಲುವೆಯ ತಿರುವಿನಲ್ಲಿ ಆ ಎಡಗೈ, ಯಾರೂ ಹೇಳದೆ, ತೊಡೆಯಿಂದೆದ್ದು ಬಂದು ಸ್ಟೀರಿಂಗ್ ಹಿಡಿಯಿತು. ನಾನು ತೋಟದ ಕಡೆ ಮುಖ ತಿರುಗಿಸಿದೆ. ಕಣ್ಣಿಗೆ ಧೂಳು ಬಿದ್ದಿತ್ತೆಂದು ತಾವು ದಾಖಲಿಸಿಕೊಳ್ಳಬಹುದು.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ. ಆ ಚಿತ್ರವನ್ನು ಎಂದೆಂದಿಗೂ ತಿದ್ದಬೇಡಿ. ಯಾವ ಡಾಕ್ಟರೂ ಎಬ್ಬಿಸಲಾಗದ ಗಂಡಸರನ್ನು ಅದು ಕುರ್ಚಿಯಿಂದ ಎಬ್ಬಿಸಬಲ್ಲದು. ಪಾದ್ರಿಯವರ ಹೆಂಡತಿಗೆ ತಮ್ಮ ಕೈಯಾರೆ ಮಾಡಿದ ನಿಂಬೆ ಕಡುಬೊಂದನ್ನು ಕಳುಹಿಸಿ. ಕೈಪಿಡಿ ನೋಡಿ ಮಾತ್ರ ಮಾಡಬೇಡಿ. ಇನ್ನು, ದೇವರಾಣೆಗೂ, ಬ್ರೇಕ್ ತಯಾರಿಕೆಗೆ ಇಳಿಯಬೇಡಿ.

ತಮ್ಮ ವಿಶ್ವಾಸಿ, ಇನ್ನು ಮುಂದೆ ದೂರದಿಂದಲೇ,
ಆರ್ಡಿತ್ ಪೆಂಡರ್

ಮರೆತ ಮಾತು: ಎಲ್ಲ ಕೂರಿಸಿದ ಮೇಲೂ ತಮ್ಮ ಪೆಟ್ಟಿಗೆಯಲ್ಲಿ ಒಂದು ಸ್ಕ್ರೂ ಉಳಿದಿದೆ. ಕಾರಿನಲ್ಲಿ ಎಲ್ಲಿಯೂ ಅದಕ್ಕೆ ಜಾಗ ಸಿಗಲಿಲ್ಲ. ತಮ್ಮ ಕಚೇರಿಯಲ್ಲೇ ಯಾರದೋ ತಲೆಯಿಂದ ಬಿದ್ದಿರಬೇಕೆಂದು ಊಹಿಸಿ, ಇದರೊಂದಿಗೆ ಹಿಂದಿರುಗಿಸಿದ್ದೇನೆ.