ಒಗ್ಗಟ್ಟಿನ ಮಿರ್ಚಿ ಗಾಡಿ

ನಾಲ್ಕು ಮಂದಿ ಕೂಡಿ ಒಳ್ಳೆಯ ಕೆಲಸಕ್ಕೆ ಕೈ ಹಾಕಿದಲ್ಲೆಲ್ಲ ಇಂಥ ಪ್ರಸಂಗಗಳು ನಡೆಯುತ್ತವೆ. ನಮ್ಮ ಸವಣೂರಿನಲ್ಲಿ ತುಸು ಜಾಸ್ತಿ. ಮಠದ ಭಕ್ತರು, ಮಸೀದಿ ಕಮಿಟಿ, ಬುದ್ಧವಿಹಾರದ ಯುವಕರು, ಮಹಿಳಾ ಸಂಘದವರು ಸೇರಿ ಊರಿನ ಬಡತನ ಕಳೆಯಲು ಒಂದು ಒಕ್ಕೂಟ ಮಾಡಿಕೊಂಡಿದ್ದಾರೆ. ನಾನು ಅದರ ಕಾರ್ಯದರ್ಶಿ. ನನ್ನದು ಪೆಂಡಾಲ್ ಅಂಗಡಿ. ಸಭೆಗೆ ಕುರ್ಚಿ ಬೇಕಲ್ಲ.

ಮೊದಲು ಪ್ರಾರ್ಥನೆ

ಮೊದಲ ಸಭೆಗೆ ನಮ್ಮ ಓಣಿಯಲ್ಲಿ ಮಿರ್ಚಿ ಭಜಿ ಕರಿದು ಮಾರುವ ಅಕ್ಕ ಬಂದಿದ್ದಳು. ಅವಳ ಬಾಡಿಗೆ ಗಾಡಿಯನ್ನು ಮಾಲಕ ಮರಳಿ ಒಯ್ದಿದ್ದ. ಅವಳ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆಪಾಡು ಆ ಗಾಡಿಯ ಮೇಲೆಯೇ ನಡೆಯುತ್ತಿತ್ತು.

ಸಭೆ ಮಠದವರ ವಚನದಿಂದ ಶುರುವಾಯಿತು. ಆಮೇಲೆ ಮಸೀದಿಯವರ ದುವಾ, ಬುದ್ಧವಂದನೆ, ಮಹಿಳಾ ಸಂಘದ ಸ್ವಾಗತಗೀತೆ. ತಮ್ಮದನ್ನು ಇನ್ನೊಬ್ಬರದಕ್ಕಿಂತ ಚಿಕ್ಕದು ಮಾಡಲು ಯಾರೂ ಒಪ್ಪಲಿಲ್ಲ. ಚಹಾ ಆರಿತು, ಕರೆಂಟೂ ಹೋಯಿತು. ನಾನು ವಂದನಾರ್ಪಣೆಗೆ ಎದ್ದು ನಿಂತೆ. ಆಗ ಅಕ್ಕನೂ ಎದ್ದಳು.

"ದೇವ್ರಿಗೆಲ್ಲಾ ಹೇಳಿ ಮುಗೀತಲ್ರಿ. ಈಗ ನಂದು ನೀವರ ಕೇಳ್ರಿ."

ನಾಲ್ಕು ಬದಿ, ನಾಲ್ಕು ಬೋರ್ಡು

ಹೀಗೆ ಅವಳಿಗೊಂದು ಸ್ವಂತ ಗಾಡಿ ಮಾಡಿಸುವುದೆಂದು ಠರಾವಾಯಿತು. ಶಿಗ್ಗಾಂವಿಯ ವೆಲ್ಡಿಂಗ್ ಅಂಗಡಿಯಲ್ಲಿ ಗಾಡಿ ತಯಾರಾಯಿತು. ನಾಲ್ಕು ಬದಿಗೆ ನಾಲ್ಕು ಸಂಘಗಳ ಬೋರ್ಡು ಬಂದವು. 'ಮಿರ್ಚಿ' ಎಂದು ಬರೆಯಲು ಮಾತ್ರ ಜಾಗ ಉಳಿಯಲಿಲ್ಲ.

ಅದಕ್ಕೆ ಹಾರ ಹಾಕಿ ಗೂಡ್ಸ್ ಆಟೋದಲ್ಲಿ ತರುವಾಗ ದಾರಿಯುದ್ದಕ್ಕೂ ಜನ ಕೈಮುಗಿದರು. ಒಬ್ಬ ಅಜ್ಜಿಯಂತೂ ಆಟೋ ನಿಲ್ಲಿಸಿ, ಚಪ್ಪಲಿ ಬಿಟ್ಟು, ಹೂವು ಏರಿಸಿದಳು.

"ಯಾವ ದೇವ್ರಪ್ಪಾ ಇದು?"

"ಮಿರ್ಚಿ ಗಾಡಿ ಐತ್ರಿ ಯವ್ವಾ" ಎಂದ ಡ್ರೈವರ್.

ಅಜ್ಜಿ ತುಸು ವಿಚಾರ ಮಾಡಿದಳು. "ಇರ್ಲಿ ತಗೋ, ನಂಬಿ ನಡಕೊಂಡವ್ರಿಗೆ ಅದೂ ಒಳ್ಳೇದ ಮಾಡ್ತೈತಿ" ಎಂದು ಇನ್ನೊಮ್ಮೆ ಕೈಮುಗಿದಳು.

ಉದ್ಘಾಟನೆ

ಬಸ್ ಸ್ಟ್ಯಾಂಡ್ ಹತ್ತಿರ ಗಾಡಿ ನಿಂತಿತು. ಅಕ್ಕ ಸಂಜೆಯ ವ್ಯಾಪಾರಕ್ಕೆಂದು ಬೋಗುಣಿ ತುಂಬ ಹಿಟ್ಟು ಕಲಸಿ ತಂದಿದ್ದಳು. ಮೊದಲ ಮಿರ್ಚಿಯನ್ನು ಮಠದ ಹಿರಿಯರಿಗೆ ಕೊಟ್ಟಳು. ಅವರು "ಮೊದ್ಲ ನೀವು ತಗೋರಿ" ಎಂದು ಮಸೀದಿಯ ಹಿರಿಯರಿಗೆ ದಾಟಿಸಿದರು. ಅದು ಕೈಯಿಂದ ಕೈಗೆ ಸುತ್ತಿ ತಣ್ಣಗಾಗಿ ಅಕ್ಕನಿಗೇ ಮರಳಿತು.

ಕೊನೆಗೆ ಎಲ್ಲರೂ ಒಮ್ಮೆಗೇ ತಿನ್ನುವುದು, ಅದರ ಫೋಟೋ ತೆಗೆಯುವುದು ಎಂದಾಯಿತು. ಒಬ್ಬರ ಕಣ್ಣು ಮುಚ್ಚಿತ್ತು, ಇನ್ನೊಮ್ಮೆ ತೆಗೆದರು. ಆಮೇಲೆ ಪ್ರತಿ ಸಂಘಕ್ಕೂ ತಮ್ಮ ವಾಟ್ಸಾಪ್ ಗ್ರೂಪಿಗೆ ಬೇರೆ ಫೋಟೋ ಬೇಕಾಯಿತು. ಕಚ್ಚಿದ ಮಿರ್ಚಿ ಫೋಟೋದಲ್ಲಿ ಚೆಂದ ಕಾಣುವುದಿಲ್ಲವೆಂದು ಪ್ರತಿ ಸಲ ಹೊಸದನ್ನೇ ಹಿಡಿದರು. ಹಿಡಿದದ್ದನ್ನು ಬಿಸಾಡಲಿಕ್ಕಾಗುತ್ತದೆಯೇ, ತಿಂದೆವು. ರುಚಿ ಚೆನ್ನಾಗಿತ್ತು. ಮಿರ್ಚಿ ಕೊಳ್ಳಲು ರೊಕ್ಕ ಹಿಡಿದು ನಿಂತಿದ್ದ ಬಸ್ ಸ್ಟ್ಯಾಂಡಿನ ಹಮಾಲರಿಗೆ ನಾನೇ ಹೇಳಿದೆ: "ಸ್ವಲ್ಪ ಹಿಂದ ಸರೀರಿ, ಫೋಟೋದಾಗ ಬರಾಕತ್ತೀರಿ."

ಅಕ್ಕ ಬರಿದಾದ ಬೋಗುಣಿಯನ್ನು ನಮ್ಮ ಕಡೆಗೆ ವಾಲಿಸಿ ತೋರಿಸಿದಳು. ಹಮಾಲರು ಸಮೋಸಾ ಅಂಗಡಿಯತ್ತ ನಡೆದಿದ್ದರು. ನನಗೆ ಬಹಳ ನಾಚಿಕೆಯಾಯಿತು, ಆದರೆ ಬಾಯಿ ತುಂಬಿದ್ದರಿಂದ ಹೇಳಲಾಗಲಿಲ್ಲ. ಅಕ್ಕ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ಅಣ್ಣಾರ, ನಮ್ಮ ಓಣ್ಯಾಗ ಇನ್ನೂ ಭಾಳ ಮಂದಿ ಬಡವ್ರದಾರ. ಅವ್ರ ಬಡತನ ಕಳ್ಯಾಕ ಬರುಮುಂದ ಮನ್ಯಾಗ ಉಂಡು ಬರ್ರಿ."