ಕೋರ್ಟು ಹರಾಜಿನ ಹುಂಜ

ವೆಂಕಟಕೃಷ್ಣ ಮಾಷ್ಟ್ರು ನಿವೃತ್ತಿಯ ದಾರಿ ಕಾದದ್ದೇ ಬೆಳಗಿನ ನಿದ್ದೆಗಾಗಿ. ವರ್ಷಾನುಗಟ್ಟಲೆ ಮೊದಲ ಬಸ್ಸು ಹಿಡಿದು ಶಾಲೆಗೆ ಓಡಿದವರು, ಇನ್ನು ಬಿಸಿಲು ಹಾಸಿಗೆಗೆ ಬಂದು ಎಬ್ಬಿಸಿದರೆ ಮಾತ್ರ ಏಳುವುದು ಎಂದು ಬೀಳ್ಕೊಡುಗೆ ಸಭೆಯಲ್ಲೇ ಸಾರಿದ್ದರು. ಪಕ್ಕದ ಮನೆಯ ಕುಂಞನ ಹುಂಜ ಮಾತ್ರ ಆ ಸಭೆಗೆ ಬಂದಿರಲಿಲ್ಲ. ಅದು ದಿನಾ ನಸುಕಿಗೂ ಮೊದಲು ಎರಡು ಮನೆಗಳ ನಡುವಿನ ಪಾಗಾರದ ಗೋಡೆ ಹತ್ತಿ, ಮಾಷ್ಟ್ರ ಕಿಟಕಿಗೇ ಮುಖ ಮಾಡಿ ಕೂಗುತ್ತಿತ್ತು.

ದೂರು ಹೇಳಿದರೆ ಕುಂಞ ನಕ್ಕುಬಿಟ್ಟ. "ಹುಂಜ ಕೂಗದೆ ಮತ್ತೆಂತ ಮಾಡುದು ಮಾಷ್ಟ್ರೇ? ಬಾಯಿಗೆ ಬೀಗ ಹಾಕ್ಲಿಕ್ಕೆ ಆಗ್ತದಾ?"

ಆ ನಗುವೇ ಮಾಷ್ಟ್ರಿಗೆ ಸರಿಕಾಣಲಿಲ್ಲ. ಅವರು ಹಾಲು ಕುಡಿಯುವಾಗ ನೀರನ್ನೂ, ಬಸ್ಸಿನ ಚಿಲ್ಲರೆಯಲ್ಲಿ ಹರಿದ ನೋಟನ್ನೂ ಹುಡುಕುವ ಮನುಷ್ಯ. ಕುಂಞ ಈ ಕೋಳಿಯನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ, ಗೋಧಿ ಹಾಕಿ ಸಾಕುತ್ತಾನೆ. ಯಾಕೆ?

"ಕಾಳಗಕ್ಕೆ ಬಿಡುವ ಅಂಕದ ಕೋಳಿ ಅದು, ಸಂಶಯವೇ ಇಲ್ಲ," ಎಂದರು ಹೆಂಡತಿಯೊಡನೆ.

"ನಿಮಗೆ ಯಾವುದರಲ್ಲಿ ಸಂಶಯ ಇಲ್ಲ?" ಎಂದು ಸುಬ್ಬಲಕ್ಷ್ಮಿ ದೋಸೆ ಮಗುಚಿದರು.

ದೈವದ ನೇಮದ ಮರುದಿನ ಗುಡ್ಡೆಯ ಮೇಲೆ ಕೋಳಿ ಅಂಕ ನಡೆಸುವುದು ಊರಿನ ಕ್ರಮ. ಬಂದು ಹಿಡಿಯುವುದು ಕೇರಳ ಪೊಲೀಸರ ಕ್ರಮ. ಎರಡೂ ಒಂದಕ್ಕೊಂದು ತೊಂದರೆಯಾಗದಂತೆ ನಡೆದುಕೊಂಡು ಬಂದಿದ್ದವು. ಈ ಸಲ ಅಂಕದ ದಿನ, ಸೋಮವಾರ ಬೆಳಿಗ್ಗೆ, ಮಾಷ್ಟ್ರು ಹೊಸಂಗಡಿಯ ಕಾಯಿನ್ ಬೂತಿಗೆ ಹೋಗಿ, ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಅಡ್ಡ ಹಿಡಿದು, ಪುಸ್ತಕದ ಮಲಯಾಳದಲ್ಲಿ ಠಾಣೆಗೆ ಸುದ್ದಿ ಮುಟ್ಟಿಸಿದರು. ಹೆಸರು ಕೇಳಿದಾಗ ಫೋನು ಇಟ್ಟರು.

ಅಲ್ಲಿಗೆ ಮನೆಗೆ ಹೋಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಅವರಿಗೆ ಪೊಲೀಸರ ಮೇಲೂ ಸಂಶಯ. ಬರುತ್ತಾರೋ, ಬರುವ ಮೊದಲು ಯಾರಿಗಾದರೂ ಸೂಚನೆ ಕೊಡುತ್ತಾರೋ? ಕಣ್ಣಾರೆ ನೋಡಿಯೇ ಬಿಡೋಣವೆಂದು ಗುಡ್ಡೆ ಹತ್ತಿ, ಒಂದು ಗೇರುಮರದ ಮರೆಯಲ್ಲಿ ನಿಂತರು.

ಪೊಲೀಸರು ಬಂದರು. ಅಂಕದವರಿಗೆ ಓಡಿ ಅಭ್ಯಾಸವಿತ್ತು, ಓಡಿದರು. ಮಾಷ್ಟ್ರಿಗೆ ಅಭ್ಯಾಸವಿರಲಿಲ್ಲ, ಸಂತೋಷದಿಂದ ನೋಡುತ್ತಾ ನಿಂತರು. ಅಷ್ಟರಲ್ಲಿ ಅವರ ಹಳೆಯ ಶಿಷ್ಯ, ಆಟೋ ಓಡಿಸುವ ಮುದ್ದಣ್ಣ, ಕಂಕುಳಲ್ಲಿ ಒಂದು ಕೆಂಪು ಹುಂಜ ಇಟ್ಟುಕೊಂಡು ಅವರ ಮೇಲೆಯೇ ಬಂದು ಬಿದ್ದ.

"ಮಾಷ್ಟ್ರೇ, ಒಂದು ನಿಮಿಷ ಹಿಡ್ಕೊಳ್ಳಿ!" ಎಂದು ಹುಂಜವನ್ನು ಅವರ ಕೈಗೆ ತುರುಕಿ ಇಳಿಜಾರಿನಲ್ಲಿ ಮಾಯವಾದ.

ಕೆಂಪು ಮೈ, ಕಪ್ಪು ಬಾಲ, ಸೊಕ್ಕಿನ ಕಣ್ಣು. ಕುಂಞನದೇ! ಹುಟ್ಟಿದಂದಿನಿಂದ ಸೊಪ್ಪು ತರಕಾರಿ ತಿಂದವರಿಗೆ ಹುಂಜದ ಗುರುತು ಇದಕ್ಕಿಂತ ಹೆಚ್ಚು ಹೇಗೆ ಸಿಗಬೇಕು? ಸಾಕ್ಷಿ ತಪ್ಪಿಸಿಕೊಳ್ಳಬಾರದೆಂದು ಮಾಷ್ಟ್ರು ಅದನ್ನು ಎದೆಗೆ ಅವಚಿ ಹಿಡಿದರು. ಪೊಲೀಸರು ಅವರನ್ನು ಅದೇ ಭಂಗಿಯಲ್ಲಿ ಹಿಡಿದರು.

"ಬಿಡಿ ಮಾಷೇ, ಕೋಳಿಗೆ ಉಸಿರು ಕಟ್ತದೆ," ಎಂದ ಕಾನ್‌ಸ್ಟೇಬಲ್ ಹರಿನಾಥ.

"ಇದು ನನ್ನದಲ್ಲ!"

"ಗುಡ್ಡೆಯಲ್ಲಿ ಸಿಕ್ಕಿದ ಒಂದು ಕೋಳಿಗೂ ಇವತ್ತಿನವರೆಗೆ ಯಜಮಾನ ಸಿಕ್ಕಿದ್ದಿಲ್ಲ."

ಫೋನು ಮಾಡಿದವನು ನಾನೇ ಎಂದು ಹೇಳಲು ಮಾಷ್ಟ್ರು ಜೀಪಿನಲ್ಲಿ ಬಾಯಿ ತೆರೆದರು. ಎದುರಿಗೆ ಸಿಕ್ಕಿಬಿದ್ದ ಊರಿನವರು ನಾಲ್ಕೈದು ಮಂದಿ ಸಾಲಾಗಿ ಕೂತು, "ಫೋನ್ ಮಾಡಿದವ ಯಾರಂತ ಗೊತ್ತಾಗ್ಲಿ, ಅವನ ಸೊಂಟ ಮುರಿಯುವ," ಎಂದು ಮಾತಾಡಿಕೊಳ್ಳುತ್ತಿದ್ದರು. ಮಾಷ್ಟ್ರು ತೆರೆದ ಬಾಯಿಯಿಂದ ಆಕಳಿಸಿದರು. ಆರೋಪಿಯಾದರೆ ಮಾನ ಹೋಗುತ್ತದೆ, ಸಾಕ್ಷಿಯಾದರೆ ಸೊಂಟ.

"ತಪ್ಪು ಒಪ್ಪಿದ್ರೆ ದಂಡ ಕಟ್ಟಿ ಸಂಜೆ ಮನೆಗೆ ಹೋಗ್ಬಹುದು," ಎಂದು ಹರಿನಾಥ ಕಿವಿಯಲ್ಲಿ ಬುದ್ಧಿ ಹೇಳಿದ. "ಒಪ್ಪದಿದ್ರೆ ನಿಮ್ಮ ಪಿಂಚಣಿ ನಿಂತ ಮೇಲೂ ಕೇಸು ನಡೀತದೆ."

ಮಕ್ಕಳಿಗೆ ನೀತಿಪಾಠ ಹೇಳಿದ್ದ ಮಾಷ್ಟ್ರು ಕೋರ್ಟಿನಲ್ಲಿ ತಲೆ ತಗ್ಗಿಸಿ ಕೋಳಿ ಅಂಕದ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರು. ಅವಮಾನದಿಂದ ಕಣ್ಣು ತುಂಬಿತು. ಒಂದೇ ಸಮಾಧಾನವೆಂದರೆ, ಆ ಹುಂಜವೂ ಕಾಲಿಗೆ ಹಗ್ಗ ಕಟ್ಟಿಸಿಕೊಂಡು ಹೊರಗೆ ಬಿದ್ದಿತ್ತು. ಇನ್ನು ಬೆಳಗಿನ ನಿದ್ದೆಗೆ ಭಂಗವಿಲ್ಲ.

ಆದರೆ ಸಾಯಂಕಾಲ ಕೋರ್ಟಿನ ಅಂಗಳದಲ್ಲಿ ಜನ ಸೇರತೊಡಗಿತು.

"ಇದೆಂತ?" ಎಂದು ಮಾಷ್ಟ್ರು ಕೇಳಿದರು.

"ಕೋಳಿ ಹರಾಜು," ಎಂದ ಹರಿನಾಥ. "ಜೀವ ಇರುವ ಸಾಕ್ಷಿ ಅಲ್ವಾ, ಕಪಾಟಿನಲ್ಲಿ ಇಡ್ಲಿಕ್ಕೆ ಆಗುದಿಲ್ಲ. ಹಿಡಿಯುದು ನಾವು, ಮಾರುದು ಕೋರ್ಟು, ತೆಗೊಳ್ಳುದು ಈ ಅಂಕದವರೇ. ಮುಂದಿನ ಅಂಕದಲ್ಲಿ ಪುನಃ ನಾವೇ ಹಿಡಿಯುದು."

"ಹಾಗಾದರೆ ಇದರಿಂದ ಎಂತ ಪ್ರಯೋಜನ?"

"ಉಂಟಲ್ಲ! ಕೋಳಿಗಳು ಒಳ್ಳೆ ಶಿಸ್ತು ಕಲ್ತಿವೆ. ಜೀಪಿನ ಬಾಗಿಲು ತೆಗೆದ್ರೆ ತಾವೇ ಹತ್ತುತ್ತವೆ."

ಮಾಷ್ಟ್ರಿಗೆ ನಗು ಬರಲಿಲ್ಲ, ಯಾಕೆಂದರೆ ಅವರ ಕಣ್ಣಿಗೆ ಗುಂಪಿನಲ್ಲಿ ಕುಂಞ ಬಿದ್ದಿದ್ದ. ಮಡಚಿದ ನೋಟುಗಳನ್ನು ಮುಷ್ಟಿಯಲ್ಲಿ ಹಿಡಿದು, ಇವರನ್ನು ಕಂಡೂ ಕಾಣದಂತೆ ಕೆಂಪು ಹುಂಜದ ಹತ್ತಿರ ಸರಿಯುತ್ತಿದ್ದ. ಓಹೋ! ತನ್ನ ಕೋಳಿಯನ್ನು ಬಿಡಿಸಿಕೊಂಡು ಹೋಗಲು ಬಂದಿದ್ದಾನೆ. ನಾಳೆ ನಸುಕಿಗೆ ಪುನಃ ಅದೇ ಪಾಗಾರ, ಅದೇ ಕಿಟಕಿ!

ಕುಂಞ ಒಂದು ಬೆಲೆ ಕೂಗಿದ. ಮಾಷ್ಟ್ರು ಮೇಲೆ ಕೂಗಿದರು. ಕುಂಞ ಗಾಬರಿಯಿಂದ ತಿರುಗಿ ನೋಡಿ, ಕಣ್ಣು ಮಿಟುಕಿಸಿ, ಕೈಸನ್ನೆಯಲ್ಲಿ ಬೇಡ ಬೇಡ ಎಂದ. ಆ ಸನ್ನೆ ಕಂಡು ಮಾಷ್ಟ್ರ ಹಟ ಇನ್ನಷ್ಟು ಏರಿತು. ಕೊನೆಗೆ ಕುಂಞ ಕೈಚೆಲ್ಲಿದ. ಮಾಷ್ಟ್ರ ಜೇಬಿನಲ್ಲಿ ಬಸ್ಸಿನ ದುಡ್ಡು ಮಾತ್ರ ಉಳಿಯಿತು.

ನಾಯ್ಮಾರ್ಮೂಲೆಯ ಪೇಟೆಗೆ ಕೊಂಡುಹೋಗಿ ಇದನ್ನು ಮಾರಿಬಿಡುವುದೆಂದು ಅವರು ಲೆಕ್ಕ ಹಾಕಿದ್ದರು. ಅಷ್ಟರಲ್ಲಿ ಹರಿನಾಥ ಒಂದು ಸಹಿ ಹಾಕಿಸಿಕೊಂಡ. "ಇದನ್ನು ಯಾರಿಗೂ ಕೊಡ್ಲಿಕ್ಕಿಲ್ಲ ಮಾಷೇ. ನಿಮ್ಮ ಮೇಲೆ ಈಗ ಅಂಕದ ಕೇಸು ಆಗಿದೆಯಲ್ಲ? ನಾನು ಬೀಟಿಗೆ ಬರುವಾಗ ಕೋಳಿ ಮನೆಯಲ್ಲೇ ಕಾಣ್ಬೇಕು."

ಇರಲಿ, ಹಿತ್ತಿಲ ಮೂಲೆಯಲ್ಲಿ ಬುಟ್ಟಿ ಕವುಚಿ ಹಾಕಿದರಾಯಿತು ಎಂದುಕೊಂಡು ಮಾಷ್ಟ್ರು ಹುಂಜವನ್ನು ಚೀಲಕ್ಕಿಳಿಸಿ ಬಸ್ಸು ಹತ್ತಿದರು. ಪಕ್ಕದಲ್ಲಿ ಕೂತ ಕುಂಞ ಏನೋ ಹೇಳಲು ಹೊರಟಾಗಲೆಲ್ಲ ಕಿಟಕಿಯ ಕಡೆ ತಿರುಗಿದರು. ಗೆದ್ದವನಿಗೆ ಸೋತವನ ಮಾತು ಯಾಕೆ?

ಮನೆಯ ಗೇಟಿಗೆ ಮುಟ್ಟುವಾಗ ಹೊತ್ತು ಕಂತುತ್ತಿತ್ತು. ಪಾಗಾರದ ಮೇಲಿಂದ ಒಂದು ಕೂಗು ಕೇಳಿತು. ಕೆಂಪು ಮೈ, ಕಪ್ಪು ಬಾಲ, ಸೊಕ್ಕಿನ ಕಣ್ಣು. ಮಾಷ್ಟ್ರು ಚೀಲ ನೋಡಿದರು, ಪಾಗಾರ ನೋಡಿದರು, ಪುನಃ ಚೀಲ ನೋಡಿದರು.

"ಅದು... ನಿನ್ನದಾ?"

"ಮತ್ತೆ ಯಾರದ್ದು? ಬೆಳಿಗ್ಗೆಯಿಂದ ಇಲ್ಲೇ ಉಂಟು. ಅಂಕದ ಸಹವಾಸ ನಾನು ಬಿಟ್ಟು ಎಷ್ಟೋ ಕಾಲ ಆಯ್ತು," ಎಂದ ಕುಂಞ.

"ಹಾಗಾದರೆ ಹರಾಜಿಗೆ ಯಾಕೆ ಬಂದೆ ಮಾರಾಯ?"

"ನೀವು ಸಿಕ್ಕಿಬಿದ್ದ ಸುದ್ದಿ ಊರಿಗೆ ಮುಟ್ಟಿದ ಕೂಡಲೇ ನಿಮ್ಮ ಮನೆಯವರು ಕಳಿಸಿದ್ದು. 'ಇವರ ಹೆಸರು ಹೇಳ್ಕೊಂಡು ಆ ಕೋಳಿ ಊರೆಲ್ಲ ತಿರುಗುದು ಬೇಡ, ನೀನೇ ತೆಗೆದು ದೂರ ಎಲ್ಲಿಯಾದ್ರೂ ಕೊಟ್ಟುಬಿಡು' ಅಂತ ಅಮ್ಮ ದುಡ್ಡು ಕೊಟ್ಟಿದ್ರು. ಮೊದಲೇ ಹೇಳಿದ್ರೆ ನೀವು ಸಂಶಯ ಪಡ್ತೀರಿ ಅಂತ ಹೇಳ್ಳಿಕ್ಕಿಲ್ಲ ಅಂದಿದ್ರು."

ಬಾಗಿಲಲ್ಲಿ ಸುಬ್ಬಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಮಾಷ್ಟ್ರು ಅವರ ಮುಖ ನೋಡುವ ಧೈರ್ಯ ಮಾಡಲಿಲ್ಲ. ಹರಾಜಿನಲ್ಲಿ ತಾನು ಸೋಲಿಸಿದ್ದು ಹೆಂಡತಿಯನ್ನೇ ಎಂದು ಈಗ ತಿಳಿಯಿತು.

ಪಾಗಾರದ ಹುಂಜ ಇನ್ನೊಮ್ಮೆ ಕೂಗಿತು. ಬೆಳಗಿನಿಂದ ಗುಡ್ಡೆಯಲ್ಲಾಗಲಿ, ಠಾಣೆಯಲ್ಲಾಗಲಿ, ಕೋರ್ಟಿನಲ್ಲಾಗಲಿ ತುಟಿ ಬಿಚ್ಚದ ಹುಂಜ ಈಗ ಚೀಲದೊಳಗಿಂದ, ಅದರ ಎರಡು ಪಾಲು ದೊಡ್ಡ ಸ್ವರದಲ್ಲಿ, ಉತ್ತರ ಕೊಟ್ಟಿತು. ಅದು ನಿಲ್ಲಿಸಿದರೆ ಇದು, ಇದು ನಿಲ್ಲಿಸಿದರೆ ಅದು.

ಪಾಗಾರದಾಚೆ ಕುಂಞನ ಹೆಂಡತಿ ಸುಂದರಿಯ ತಲೆ ಕಂಡಿತು. "ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ನಿಮ್ಮ ಹುಂಜವನ್ನು ಸ್ವಲ್ಪ ಸುಮ್ಮನೆ ಕೂರಿಸ್ತೀರಾ? ಮಗು ಈಗಷ್ಟೇ ಮಲಗಿದ್ದು."