ಅಮ್ಮೋರು ಕೇಳಿದ ಕಾಫಿ

ಮನುಷ್ಯನಾಗಿ ಹುಟ್ಟಿದವನು ಏನೇನೋ ಆಗುತ್ತಾನೆ. ಅಳಿಯನಾಗುತ್ತಾನೆ, ಬಾಡಿಗೆದಾರನಾಗುತ್ತಾನೆ, ಹಣೆಬರಹ ನೆಟ್ಟಗಿಲ್ಲದಿದ್ದರೆ ನನ್ನ ಹಾಗೆ ಮೇಷ್ಟ್ರೂ ಆಗುತ್ತಾನೆ. ನಾನು ಇವಿಷ್ಟೂ ಆಗಿದ್ದಲ್ಲದೆ ಮೂರು ವಾರ ದೇವತೆಯೂ ಆಗಿದ್ದೆ. ಜಂಬಕ್ಕೆ ಹೇಳುತ್ತಿಲ್ಲ. ಹಿಂದೂಪುರದಲ್ಲಿ ನನಗೆ ಸೀತಾಳೆ ಸಿಡುಬು ಎದ್ದಾಗಿನ ಮಾತು ಇದು. ನಮ್ಮ ಕಡೆ ಸಿಡುಬನ್ನು ಕಾಯಿಲೆ ಅನ್ನುವ ವಾಡಿಕೆಯಿಲ್ಲ. ಮನೆಗೆ ಅಮ್ಮೋರು ಬಂದಿದ್ದಾಳೆ ಅನ್ನುತ್ತಾರೆ. ಬಂದವಳು ರೋಗಿಯ ಮೈಮೇಲೆಯೇ ಬಿಡಾರ ಹೂಡುವುದರಿಂದ, ಅವಳು ಹೊರಡುವ ತನಕ ರೋಗಿಯೇ ಅಮ್ಮೋರು. ಅವನನ್ನು ಗದರುವಂತಿಲ್ಲ, ಅವನು ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ, ಕೈಮುಗಿದು ‘ತಾಯೀ’ ಎಂದೇ ಮಾತಾಡಿಸಬೇಕು. ಮೀಸೆ ಇದ್ದರೂ ಅಷ್ಟೇ.

ಆ ಹಿಂದಿನ ತಿಂಗಳಷ್ಟೇ ನಾನು ತರಗತಿಯಲ್ಲಿ ಮೇಜು ಗುದ್ದಿ, ಸಿಡುಬು ದೇವತೆಯಲ್ಲ, ಅದೊಂದು ಕ್ರಿಮಿ, ದೇವತೆ ಎನ್ನುವವರು ಮೂಢರು ಎಂದು ಪಾಠ ಮಾಡಿದ್ದೆ. ಕ್ರಿಮಿಗೆ ಅದು ಕೇಳಿಸಿರಬೇಕು. ಹೆಂಡತಿ ಚೊಚ್ಚಲ ಹೆರಿಗೆಗೆಂದು ಕಲ್ಯಾಣದುರ್ಗದ ತವರಿಗೆ ಹೋಗಿದ್ದಳು. ದಿನ ತುಂಬುತ್ತಿದ್ದರೂ, ಸುದ್ದಿ ಮುಟ್ಟಿದರೆ ಸಿಕ್ಕಿದ ಬಸ್ಸು ಹತ್ತಿ ಬಂದೇಬಿಡುವ ಜಾತಿ ಅವಳು. ಬಂದರೆ ಅವಳಿಗೂ ಹೊಟ್ಟೆಯಲ್ಲಿದ್ದ ಕೂಸಿಗೂ ಏನು ಗತಿ ಎಂದು ನೆನೆದರೆ ಜ್ವರದಲ್ಲೂ ಮೈ ತಣ್ಣಗಾಗುತ್ತಿತ್ತು. ಮಾವನವರಿಗೆ ಗುಟ್ಟಾಗಿ ಬರೆದು ನಾಲ್ಕು ರೂಪಾಯಿ ತರಿಸಿಕೊಳ್ಳೋಣವೆಂದರೆ, ಆ ಮನೆಯಲ್ಲಿ ಒಬ್ಬರಿಗೆ ಹೇಳಿದ ಗುಟ್ಟು ಹಿತ್ತಲಿನ ಎಮ್ಮೆಗೂ ತಿಳಿಯುತ್ತದೆ. ಹಾಗಾಗಿ, ಪರೀಕ್ಷೆಯ ಕಾಗದ ತಿದ್ದುವ ಕೆಲಸ ಬಿದ್ದಿದೆ, ಮೂರು ವಾರ ಬರಲಾಗದು, ಬರೆಯಲಾಗದು ಎಂದು ಒಂದು ಕಾರ್ಡು ಹಾಕಿಸಿ ಬಾಗಿಲು ಮುಚ್ಚಿಕೊಂಡೆ. ಒಳಗೆ ಡಬ್ಬಿಯ ತಳದಲ್ಲಿ ಅಕ್ಕಿ, ಜೇಬಿನ ತಳದಲ್ಲಿ ಎರಡು ರೂಪಾಯಿ ಇದ್ದವು. ಸಂಬಳ ಇನ್ನೂ ಬಹಳ ದೂರವಿತ್ತು.

ಮನೆಯ ಮಾಲೀಕರು ರಾಮಯ್ಯ ಶೆಟ್ಟರು ಒಳ್ಳೆಯವರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದವರೂ ಅವರೇ, ಸಾಮಾನು ತಂದುಕೊಡುತ್ತೇನೆ ಎಂದವರೂ ಅವರೇ. ಆದರೆ ರಸ್ತೆಯ ಆಚೆ ಬದಿಗೆ ನಿಂತು, ಮೂಗು ಬಾಯಿ ಕಿವಿಗಳನ್ನೆಲ್ಲ ಟವಲಿನಲ್ಲಿ ಸುತ್ತಿಕೊಂಡು ಮಾತಾಡುವರು. ನಾನು ಅರಿಸಿನದ ನೀರಿನಲ್ಲಿ ಅದ್ದಿದ ದುಡ್ಡನ್ನು ಜಗುಲಿಯ ಮೇಲಿಟ್ಟು, ಕಿಟಕಿಯಿಂದ “ಬೇಳೆ” ಎಂದು ಕೂಗಿದೆ. ಶೆಟ್ಟರು “ಬೆಲ್ಲಮಾ?” ಎಂದರು. “ಬೆಲ್ಲ ಅಲ್ಲ” ಎಂದೆ. “ಬೆಲ್ಲಂ, ಅಲ್ಲಂ. ಸರೇ” ಎಂದು ಹೊರಟೇಹೋದರು. ತೆಲುಗಿನಲ್ಲಿ ಅಲ್ಲಂ ಎಂದರೆ ಹಸಿಶುಂಠಿ. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡಿಕೊಂಡು ಬಂದವನು ನಾನು. ಬೇಳೆಗೆ ಪಪ್ಪು ಎಂದಿದ್ದರೆ ಮುಗಿದುಹೋಗುತ್ತಿತ್ತು. ಜ್ವರ ಬಂದಾಗ ನನಗೆ ಎಲ್ಲಕ್ಕಿಂತ ಮೊದಲು ಇಳಿದುಹೋಗುವುದು ತೆಲುಗು. ಸ್ವಲ್ಪ ಹೊತ್ತಿಗೆ ಜಗುಲಿಯ ಮೇಲೆ ಒಂದು ದೊಡ್ಡ ಅಚ್ಚು ಬೆಲ್ಲ, ಒಂದು ಪೊಟ್ಟಣ ಶುಂಠಿ ಬಂದು ಕೂತಿದ್ದವು. ಎರಡೂ ಉಷ್ಣ, ಎರಡೂ ಸಿಡುಬಿಗೆ ಆಗದ ಪದಾರ್ಥ. ಅಮ್ಮೋರ ಮನೆ ಹೊಕ್ಕ ಸಾಮಾನನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಾನೆಯೇ? ಊರೆಲ್ಲ ಬೆಲ್ಲದ ಮಂಡಿಗಳಿರುವ ಹಿಂದೂಪುರದಲ್ಲಿ, ಕಿಟಕಿ ತೆರೆದರೆ ಪುಕ್ಕಟೆಯಾಗಿ ಬೆಲ್ಲದ ವಾಸನೆ ಬರುವಾಗ, ನಾನು ನನ್ನ ಕೊನೆಯ ರೂಪಾಯಿ ಕೊಟ್ಟು ಬೆಲ್ಲ ಕೊಂಡಿದ್ದೆ.

ಮಧ್ಯಾಹ್ನಗಳು ಬಹಳ ಉದ್ದವಾಗಿದ್ದವು. ಬೇವಿನೆಲೆಯ ಮೇಲೆ ಮಲಗಿ ಕಣ್ಣು ಮುಚ್ಚಿದರೆ ಸಾಕು, ನಾನು ಎದ್ದು ಬಜಾರಿಗೆ ಹೊರಟುಬಿಡುತ್ತಿದ್ದೆ. ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. ಹುಣಿಸೆಹಣ್ಣಿನ ಗಾಡಿಗಳ ನಡುವೆ, ಕಡಲೆಕಾಯಿ ಮೂಟೆಗಳ ಮೇಲೆ ತೇಲಿಕೊಂಡು ಹೋಗಿ, ಅಂಗಡಿಯ ಮುಂದೆ ನಿಂತು, ತುಪ್ಪ ಎಷ್ಟು, ಗೋಡಂಬಿ ಎಷ್ಟು ಎಂದು ಕೇಳುತ್ತಿದ್ದೆ. ಅಂಗಡಿಯವನು ನಗುನಗುತ್ತ ಕಟ್ಟಿಕೊಡುತ್ತಿದ್ದ. ಹಾಗೇ ತೇಲುತ್ತ ಕಲ್ಯಾಣದುರ್ಗದವರೆಗೂ ಹೋಗಿ, ಅತ್ತೆಯ ಅಡಿಗೆಮನೆಯ ಹೊಸ್ತಿಲಲ್ಲಿ ಚೀಲ ಇಳಿಸಿ, ಒಳಗೆ ಹೆಂಡತಿಯ ಬಳೆಯ ಸದ್ದು ಕೇಳುತ್ತ ನಿಲ್ಲುತ್ತಿದ್ದೆ. ಅವಳು ಹೊರಗೆ ಬರುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ನನ್ನ ದರಿದ್ರ ಬುದ್ಧಿ ನೋಡಿ: ಕನಸಿನಲ್ಲೂ ನಾನು ಚೌಕಾಸಿ ಮಾಡುತ್ತಿದ್ದೆ. ಒಂದು ದಿನವಂತೂ ಗೋಡಂಬಿ ದುಬಾರಿಯಾಯಿತೆಂದು ಅರ್ಧ ವಾಪಸು ಕೊಟ್ಟು ಬಂದೆ.

ನನ್ನನ್ನು ಬದುಕಿಸಿದವಳು ಓಬುಳಮ್ಮ. ಪರಿಗಿಯ ಕಡೆಯಿಂದ ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದ ಮುದುಕಿ. ಮುಖದ ತುಂಬ ಸಿಡುಬಿನ ಕಲೆ. ಬೇವಿನ ಸೊಪ್ಪು ಕಂಡು ಬೀದಿಯವರೆಲ್ಲ ಆ ಕಡೆಯಿಂದ ಸುತ್ತಿ ಹೋಗುವಾಗ ಇವಳು ನೆಟ್ಟಗೆ ಬಾಗಿಲಿಗೆ ಬಂದು ಮಂಕರಿ ಇಳಿಸಿದಳು. ಚಿಕ್ಕಂದಿನಲ್ಲೇ ಅಮ್ಮೋರು ತನಗೆ ಮುತ್ತಿಕ್ಕಿ ಹೋಗಿದ್ದಾಳೆ, ತನಗಿನ್ನೇನು ಭಯ ಎಂದಳು. ಆಮೇಲೆ ಹೊಸ್ತಿಲಿಗೆ ಕೈಮುಗಿದು, “ಏನ್ ಬೇಕು ಹೇಳು ತಾಯೀ, ತತ್ತೀನಿ” ಎಂದು ನನ್ನ ಮೀಸೆಯನ್ನೇ ನೋಡುತ್ತ ಕೇಳಿದಳು. ತಾಯಿಯಾಗಿದ್ದ ನಾನು ಸಂಕೋಚದಿಂದ ಮಜ್ಜಿಗೆ ಎಂದೆ. ಮಾರನೆಯ ದಿನ ಮಜ್ಜಿಗೆ ಬಂತು. ರಾಗಿಹಿಟ್ಟು ಬಂತು. ಒಮ್ಮೆ ಎಳನೀರೂ ಬಂತು. ಅಳಿದುಳಿದ ಕಾಸು ಕೊಡಹೋದರೆ, ಅಮ್ಮೋರ ಮನೆಯಲ್ಲಿ ದುಡ್ಡು ಮುಟ್ಟುವುದಿಲ್ಲ ಎಂದು ಕೆನ್ನೆ ಬಡಿದುಕೊಂಡಳು. ಇಲ್ಲಿ ನಾನು ಮೇಜು ಗುದ್ದಿ ಕ್ರಿಮಿಯ ಪಾಠ ಹೇಳಬೇಕಿತ್ತು. ಹೇಳಲಿಲ್ಲ. ಹಸಿದ ಹೊಟ್ಟೆಗೆ ಆರೋಗ್ಯಶಾಸ್ತ್ರ ರುಚಿಸುವುದಿಲ್ಲ.

ಎರಡನೆಯ ವಾರ ಜ್ವರ ಇಳಿಯಿತು. ಜ್ವರ ಇಳಿದ ಕೂಡಲೇ ನನ್ನ ಹಳೆಯ ಚಟ ಎದ್ದು ಕೂತಿತು. ನಾನು ಎಂಥಾ ಕಾಫಿಯ ಮನುಷ್ಯನೆಂದು ನಿಮಗೆ ಹೇಳಿಲ್ಲ. ಮೂಲೆಯಲ್ಲಿ ಬೆಲ್ಲ ಇತ್ತು, ಶುಂಠಿ ಇತ್ತು. ಎರಡೂ ನನ್ನನ್ನೇ ನೋಡುತ್ತಿದ್ದವು. ಇನ್ನು ಬೇಕಾದದ್ದು ಒಂದೇ ಒಂದು. ಆದರೆ ಕಾಫಿಪುಡಿ ಆಗ ಬಡಮೇಷ್ಟ್ರು ಹಬ್ಬಕ್ಕೆ ಕೊಳ್ಳುವ ವಸ್ತು, ಮೇಲಾಗಿ ಪರಮ ಉಷ್ಣ. ಒಂದು ಮಧ್ಯಾಹ್ನ ನಾನು ಎಂದಿನಂತೆ ಬಜಾರಿನಲ್ಲಿ ತೇಲುತ್ತಿದ್ದಾಗ ಎಲ್ಲೋ ದೂರದಿಂದ ಓಬುಳಮ್ಮನ ದನಿ ಬಂತು: “ಏನ್ ಬೇಕು ತಾಯೀ?” ನಾನು “ಕಾಫಿ” ಎಂದೆ. ಮಂಕರಿ ಇಳಿಸಿದ ಸದ್ದಾಯಿತು. ಆಮೇಲೆ “ಕಾಫಿನಾ ಅಯ್ಯೋರೇ?” ಎಂದಳು. ಆಗ ಪೂರ್ತಿ ಎಚ್ಚರವಾಗಿದ್ದೆ. ಆದರೂ ದನಿಯನ್ನು ಸ್ವಲ್ಪ ಸಣ್ಣ ಮಾಡಿಕೊಂಡು, ದೇವತೆಗೆ ಒಪ್ಪುವ ಹಾಗೆ, “ಹೂಂ” ಎಂದೆ. ಮೊದಲ ಸಲ ಕೇಳಿದ್ದು ನಿದ್ದೆ. ಎರಡನೆಯ ಸಲ ಕೇಳಿದವನು ನಾನೇ.

ಎರಡು ದಿನ ಅವಳು ಬರಲಿಲ್ಲ. ಮೂರನೆಯ ದಿನ ಒಂದು ಪುಟ್ಟ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು, ಏನೂ ಕೇಳದೆ ಹೊರಟುಹೋದಳು. ನಾನು ಬಾಗಿಲು ಭದ್ರ ಮಾಡಿ, ವಾಸನೆ ಬೀದಿಗೆ ಹೋಗದಂತೆ ಕಿಟಕಿಗೆ ಪಂಚೆ ತುರುಕಿ, ಶುಂಠಿ ಜಜ್ಜಿ, ಬೆಲ್ಲ ಹಾಕಿ ಕರೀಕಾಫಿ ಕಾಸಿದೆ. ಮೊದಲ ಗುಟುಕಿಗೆ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕಲ್ಯಾಣದುರ್ಗ, ಬಳೆಯ ಸದ್ದು, ಹೊಸ್ತಿಲು ಎಲ್ಲ ಬಂತು. ಆ ದಿನ ಹೆಂಡತಿ ಅಡಿಗೆಮನೆಯಿಂದ ಹೊರಗೂ ಬಂದಳು. ಇಂಥ ಸುಖ ಕೊಟ್ಟ ಮೇಲೆ ಮನಸ್ಸಾಕ್ಷಿ ಏನು ಮಾಡೀತು, ಅದೂ ಒಂದು ಲೋಟ ಕುಡಿದು ಸುಮ್ಮನಾಯಿತು. ದಿನಕ್ಕೆ ಒಂದೇ ಲೋಟದಂತೆ ಉಳಿಸಿ ಉಳಿಸಿ ಕುಡಿದೆ.

ಮೂರು ವಾರ ತುಂಬಿ ತಲೆಗೆ ಬೇವಿನ ನೀರು ಬಿದ್ದ ದಿನ ಓಬುಳಮ್ಮನೇ ಬಂದು ಅಮ್ಮೋರನ್ನು ಸಾಗಹಾಕಿದಳು. ಮೊಸರನ್ನ, ಬೇವಿನೆಲೆ ಇಟ್ಟ ಮೊರವನ್ನು ಮೂರು ದಾರಿ ಕೂಡುವಲ್ಲಿ ಇಟ್ಟು, ತಿರುಗಿ ನೋಡದೆ ಬಂದು ಜಗುಲಿಯ ಮೇಲೆ ಕೂತಳು. ನಾನು ಬಹಳ ವಿನಯದಿಂದ, ತಂದ ಸಾಮಾನಿಗೆಲ್ಲ ಸಂಬಳ ಬಂದ ಮೇಲೆ ದುಡ್ಡು ಕೊಡುತ್ತೇನೆ, ಈಗಲಾದರೂ ಬೇಡ ಅನ್ನಬೇಡ ಎಂದೆ. ಅವಳು ತಲೆಯಾಡಿಸಿದಳು.

“ಮಜ್ಜಿಗೆ, ಎಳನೀರು ಕೇಳ್ದೋಳು ಅಮ್ಮೋರು. ಅದ್ಕೆ ದುಡ್ಡಿಲ್ಲ. ಕಾಫಿ ಕೇಳ್ದೋರು ಮಾತ್ರ ನೀವು ಕಣಪ್ಪ.”

ತಾಯಿ ಎನ್ನುತ್ತಿದ್ದವಳು ಕಾಫಿ ಕೇಳಿದ ದಿನ ಅಯ್ಯೋರೇ ಎಂದು ಕರೆದದ್ದು ಆಗ ನೆನಪಾಯಿತು. ಗೊತ್ತಿದ್ದೂ ಯಾಕೆ ತಂದೆ ಎಂದು ಹೇಗೋ ಕೇಳಿದೆ.

“ಅಮ್ಮೋರಾದ್ರೆ ತಡ್ಕೊತಾಳೆ. ಮನುಷ್ಯ ಬಾಯ್ಬಿಟ್ಟು ಕೇಳ್ದಾಗ ತರ್ದೇ ಇರಾಕಾಯ್ತದಾ?”

ಅಂಗಡಿಗೆ ಹೋಗಿ ಕಾಫಿಪುಡಿ ಕೇಳಿದಾಗ, ಮುದುಕಿಗೂ ಚಟ ಹತ್ತಿತೇ ಎಂದು ಅಲ್ಲಿದ್ದವರೆಲ್ಲ ನಕ್ಕರಂತೆ. ಎರಡು ಮಂಕರಿ ಸೊಪ್ಪು ಮಾರಿದ ದುಡ್ಡು ಅದಕ್ಕೇ ಆಯಿತಂತೆ. ಇದನ್ನೆಲ್ಲ ಅವಳು ದೂರೆಂದು ಹೇಳಲಿಲ್ಲ, ಹೀಗಾಯಿತು ಎಂದು ಹೇಳಿದಳು. ನನಗೆ ಮಾತ್ರ ಅಳು ಬಂತು. ಇದಕ್ಕೆ ನಾನೇನು ಕೊಡಲಿ ಓಬುಳಮ್ಮ ಎಂದೆ. ಪೊಟ್ಟಣದಲ್ಲಿ ಇನ್ನೂ ಉಳಿದಿದ್ದರೆ ತನಗೂ ಒಂದು ಲೋಟ ಕಾಸಿಕೊಡಿ, ಹುಟ್ಟಿದಾಗಿನಿಂದ ಕುಡಿದಿಲ್ಲ ಎಂದಳು. ಉಳಿದದ್ದಷ್ಟನ್ನೂ ಹಾಕಿ ಕಾಸಿದೆ. ನನ್ನ ಜನ್ಮದಲ್ಲಿ ಅಷ್ಟು ಶ್ರದ್ಧೆಯಿಂದ ಕಾಫಿ ಮಾಡಿಲ್ಲ. ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದಳು. ಮುಖವೆಲ್ಲ ಕಿವುಚಿಕೊಂಡಳು. ಲೋಟವನ್ನು ಮೆಲ್ಲಗೆ ಕೆಳಗಿಟ್ಟು ನನ್ನತ್ತ ತಿರುಗಿದಳು.

“ಇದ್ಕಾ ಅಯ್ಯೋರೇ, ಅಮ್ಮೋರಾಗಿ ಹೂಂ ಅಂದಿದ್ದು?”

ಎರಡು ತಿಂಗಳಿಗೆ ಹೆಂಡತಿ ಮಗಳನ್ನೆತ್ತಿಕೊಂಡು ಕಲ್ಯಾಣದುರ್ಗದಿಂದ ಬಂದಳು. ಪರೀಕ್ಷೆಯ ಕಾಗದದ ಕಥೆಯನ್ನು ಅವಳು ಪೂರ್ತಿ ನಂಬಿದ್ದಳು. ಬಂದ ಮೂರನೆಯ ದಿನವೇ ಸೊಪ್ಪು ಕೊಡಲು ಬಂದ ಓಬುಳಮ್ಮ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೂ ಹೇಳಿದಳು. ಸಣ್ಣ ದನಿಯ ಹೂಂ ಅನ್ನೂ ಅಂದು ತೋರಿಸಿದಳು. ಹೆಂಡತಿ ಮೊದಲು ಅತ್ತಳು, ಆಮೇಲೆ ನಕ್ಕಳು, ಆ ನಗು ಇನ್ನೂ ನಿಂತಿಲ್ಲ. ಈಗಲೂ ಸಂಜೆ ನಾನು ಎರಡನೆಯ ಲೋಟ ಕಾಫಿ ಕೇಳಿದರೆ ಅಡಿಗೆಮನೆಯೊಳಗೆ ಬಳೆಯ ಸದ್ದು ನಿಲ್ಲುತ್ತದೆ. “ಕೇಳ್ತಿರೋದು ಯಾರು, ನೀವೋ, ಅಮ್ಮೋರೋ?” ಎನ್ನುತ್ತಾಳೆ. ಮೀಸೆ ತಿರುವಿಕೊಂಡು ನಾನೇ ಎನ್ನುತ್ತೇನೆ. ಹಾಗಾದರೆ ಇಲ್ಲ ಎನ್ನುತ್ತಾಳೆ.